ಎರಡು ಕಂಬ ಮೊದಲೇ

ಕುಂದಗೋಳದಲ್ಲಿ ನಾವು ಸಾರಿಗೆ ಕಚೇರಿಯವರು ತಿಂಗಳಿಗೊಮ್ಮೆ ಲೈಸೆನ್ಸ್ ಶಿಬಿರ ನಡೆಸುತ್ತೇವೆ. ಆ ಸಲ ಕಾರು ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು. ಬೈಕು, ಟ್ರ್ಯಾಕ್ಟರುಗಳನ್ನು ನನಗಿಂತ ಹಿರಿಯರಾದ ಇನ್ನೊಬ್ಬ ನಿರೀಕ್ಷಕರು ನೋಡಿಕೊಳ್ಳುತ್ತಿದ್ದರು. ಮೈದಾನ ಎರೆಮಣ್ಣಿನದು. ಬಿಸಿಲಿಗೆ ನೆಲ ಬಿರಿದಾಗ ಸುಣ್ಣದ ಗೆರೆ ಎಳೆದರೆ ಅರ್ಧ ಗೆರೆ ಬಿರುಕಿನೊಳಗೇ ಇಳಿದುಹೋಗುತ್ತದೆ. ಅದಕ್ಕೆ ಬಿದಿರಿನ ಕೋಲು ನೆಡಿಸಿ ‘ಎಚ್’ ಆಕಾರದ ದಾರಿ ಮಾಡಿಸಿದ್ದೆ. ಕೋಲಿಗೆ ತಾಗಿಸದೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದವರು ಮಾತ್ರ ರಸ್ತೆ ಪರೀಕ್ಷೆಗೆ ಬರಬೇಕು.

ರಸ್ತೆ ಪರೀಕ್ಷೆಗೆ ಬಳಸುವುದು ಡ್ರೈವಿಂಗ್ ಸ್ಕೂಲಿನ ಕಾರು. ಎಡಗಡೆ ಕೂತ ನನ್ನ ಕಾಲಡಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಆ ಬ್ರೇಕನ್ನು ನಾನು ಒತ್ತಬೇಕಾಗಿ ಬಂದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಅಭ್ಯರ್ಥಿ ಫೇಲು. ಅವತ್ತು ಬೆಳಿಗ್ಗೆ ಮೊದಲು ಫೇಲಾದವರು ಊರಿನ ಗೊಬ್ಬರದ ಅಂಗಡಿಯ ಮಾಲೀಕರು. ನಾನು “ಬಲಕ್ಕ ಹೊರಳಸ್ರಿ” ಅಂದೆ. ಅವರು ಗಾಬರಿಯಾಗಿ ಅಲ್ಲೇ ಸ್ಟೇರಿಂಗ್ ಎಳೆದರು. ಎದುರಿಗೆ ಚಕ್ಕಡಿ ಬರುತ್ತಿತ್ತು. ಬ್ರೇಕ್ ಒತ್ತಿದೆ. ಎತ್ತುಗಳು ಕತ್ತು ಮೇಲೆತ್ತಿ ನಿಂತವು. ಮೈದಾನಕ್ಕೆ ಮರಳಿದ ಮೇಲೆ ಮಾಲೀಕರು ಕೆಳಗಿಳಿದು ಮರದ ನೆರಳಿಗೆ ಹೋದರು.

ಅವರ ನಂತರ ಯರಗುಪ್ಪಿಯ ದಂಪತಿ ಬಂದರು. ಗಂಡ ಎತ್ತರದ ಆಳು, ಮೂವತ್ತು ದಾಟಿದವನು. ಮಾತು ಶುರುಮಾಡಿದ್ದು ಹೆಂಡತಿ.

“ಅಕ್ಕಾರ, ಮೊದಲ ಒಂದ ಮಾತು ಹೇಳಿಬಿಡತೇನ್ರಿ. ನಮ್ಮನಿಯವರಿಗೆ ಕಿವಿ ಕೇಳಂಗಿಲ್ಲ. ಹುಟ್ಟಿದಾಗಿಂದನೂ. ಗಾಡಿ ಮಾತ್ರ ಅಗದಿ ಚಲೋ ಹೊಡಿತಾರ.”

ಅವಳು ಮತ್ತು ಅವಳ ಓಣಿಯ ಹೆಂಗಸರು ಸೇರಿ ಜೋಳದ ರೊಟ್ಟಿ ಬಡಿದು ಹುಬ್ಬಳ್ಳಿಯ ಖಾನಾವಳಿಗಳಿಗೆ ಕಳಿಸುತ್ತಿದ್ದರು. ಬೆಳಗಿನ ಬಸ್ಸಿನ ತುಂಬ ಕಾಲೇಜಿನ ಮಕ್ಕಳು. ಬುಟ್ಟಿ ಕಂಡರೆ ಕಂಡಕ್ಟರಿಗೆ ಸಿಟ್ಟು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಕಡಕ್ ರೊಟ್ಟಿಗಳಲ್ಲಿ ಎಷ್ಟೋ ಮುರಿದಿರುತ್ತಿದ್ದವು. ಹಾಗಾಗಿ ಒಂದು ಹಳೆಯ ಸಣ್ಣ ಕಾರು ಕೊಂಡಿದ್ದರು. ಅದನ್ನು ಓಡಿಸಲು ಊರಿನ ಒಬ್ಬನನ್ನು ಕರೆಯಬೇಕಾಗಿತ್ತು. ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. “ರೊಟ್ಟಿ ತಯಾರಾಗಿ ಕುಂತಿರತಾವ್ರಿ, ಗಾಡಿ ಬಾಗಲಾಗ ನಿಂತಿರತೈತಿ, ಗಾಡಿ ಬಲ್ಲ ಗಂಡನೂ ಬಾಜೂಕ ನಿಂತಿರತಾನ. ಲೈಸೆನ್ಸ್ ಒಂದ ಇಲ್ಲ,” ಅಂದಳು.

ಹಿರಿಯ ನಿರೀಕ್ಷಕರು ಈ ಮಾತು ಕೇಳಿಸಿಕೊಂಡು ಹತ್ತಿರ ಬಂದರು. “ಕಿವುಡಗ ಲೈಸೆನ್ಸ್ ಹೆಂಗ ಕೊಡಾಕ ಬರತೈತ್ರಿ ಮೇಡಂ? ಹಿಂದಿನವ ಹಾರ್ನ್ ಹೊಡದ್ರ ಏನ ಮಾಡ್ತಾನ?”

ಸ್ವಂತ ಬಳಕೆಯ ವಾಹನಕ್ಕೆ ಕಿವುಡುತನ ಅಡ್ಡಿಯಲ್ಲ ಎಂದು ಕೇಂದ್ರದಿಂದ ಸೂಚನೆ ಬಂದು ವರ್ಷಗಳಾಗಿದ್ದವು. ಅದನ್ನು ಫೋನಿನಲ್ಲಿ ತೆಗೆದು ತೋರಿಸಿದೆ. ಡಾಕ್ಟರ ಪ್ರಮಾಣಪತ್ರವೂ ಸರಿಯಾಗಿತ್ತು. ಅವರು ಓದಿ ಫೋನು ಮರಳಿಸಿದರು. “ಕಾಗದದಾಗ ಎಲ್ಲಾ ಬರೀತಾರ್ರಿ. ಬಾಜೂಕ ಕುಂದ್ರಾವರು ನೀವು,” ಅಂದು ಹೋದರು.

ಮೈದಾನದ ಪರೀಕ್ಷೆಯಲ್ಲಿ ಅವನು ಒಂದು ಕೋಲನ್ನೂ ಅಲುಗಿಸಲಿಲ್ಲ. ಆದರೆ ರಸ್ತೆಯಲ್ಲಿ ನಾನು ಎಡಕ್ಕೆ, ಬಲಕ್ಕೆ ಎಂದು ಹೇಳುವುದು ಅವನಿಗೆ ಗೊತ್ತಾಗುವುದು ಹೇಗೆ? ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆ. ನಾನು ಹೇಳಿದ್ದನ್ನು ಅವಳು ಗಂಡನ ಭುಜ ಮುಟ್ಟಿ ತಿಳಿಸಬೇಕು ಎಂದು ಮಾತಾಯಿತು. ಮೊದಲ ಎರಡು ತಿರುವು ಹೇಗೋ ಸಾಗಿದವು. ಮೂರನೆಯದರಲ್ಲಿ ನಾನು “ಎಡಕ್ಕ” ಅಂದಾಗ ಅವಳು ಸ್ವಲ್ಪ ಜೋರಾಗಿಯೇ ತಟ್ಟಿದಳು. ಏನೋ ಆಗಿದೆ ಎಂದುಕೊಂಡು ಅವನು ಹೊರಳಿ ಅವಳ ಮುಖ ನೋಡಿದ. ರಸ್ತೆಯ ಅಂಚಿನಲ್ಲಿ ಕುರಿ ಹಿಂಡು ಹೋಗುತ್ತಿತ್ತು. ಕಾರು ಅತ್ತ ವಾಲಿತು. ನಾನು ಬ್ರೇಕ್ ಒತ್ತಿದೆ.

ಅವನು ಗೇರನ್ನು ನ್ಯೂಟ್ರಲ್‌ಗೆ ತಂದ, ಹ್ಯಾಂಡ್ ಬ್ರೇಕ್ ಎಳೆದ, ಎಂಜಿನ್ ಆರಿಸಿದ. ಎಲ್ಲವನ್ನೂ ಕ್ರಮವಾಗಿ ಮಾಡಿ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತ. ನಿಯಮ ಅವನಿಗೂ ಗೊತ್ತಿತ್ತು.

ನಾನು ಪೆನ್ನು ತೆಗೆದೆ. ಅವನು ರಸ್ತೆಯಿಂದ ಕಣ್ಣು ತೆಗೆದದ್ದು ನಿಜ. ಆದರೆ ತೆಗೆಸಿದ್ದು ನಾನು ಮಾಡಿದ ಏರ್ಪಾಡು. ಅವನಿಗೆ ಕಾರು ಓಡಿಸಲು ಬರುತ್ತದೋ ಇಲ್ಲವೋ ಎಂಬುದು ಆ ಹೊತ್ತಿಗೂ ನನಗೆ ತಿಳಿದಿರಲಿಲ್ಲ. ಪಾಸು ಅಂತಲೂ ಬರೆಯಲಿಲ್ಲ, ಫೇಲು ಅಂತಲೂ ಬರೆಯಲಿಲ್ಲ. ಸೂಚನೆ ಕೊಡುವ ವಿಧಾನ ಸರಿಯಿಲ್ಲದ ಕಾರಣ ಪರೀಕ್ಷೆ ಪೂರ್ತಿಯಾಗಿಲ್ಲ, ಮುಂದಿನ ಶಿಬಿರದಲ್ಲಿ ಮತ್ತೆ ನಡೆಸುವುದು ಎಂದು ಬರೆದು ಸಹಿ ಮಾಡಿದೆ.

ಮೈದಾನಕ್ಕೆ ಮರಳಿದಾಗ ನಾನು ಬ್ರೇಕ್ ಒತ್ತಿದ ಸುದ್ದಿ ಬೈಕಿನವರ ಬಾಯಲ್ಲಿ ನಮಗಿಂತ ಮೊದಲೇ ಅಲ್ಲಿತ್ತು. ನಾನು ಬರೆದದ್ದು ತಿಳಿದ ಕೂಡಲೇ ಗೊಬ್ಬರದ ಅಂಗಡಿಯವರು ಎದ್ದು ಬಂದರು.

“ಮೇಡಮ್ಮಾರ, ನನ್ನ ಗಾಡಿಗೂ ನೀವ ಬ್ರೇಕ್ ಒತ್ತಿದ್ರಿ, ಅವನ ಗಾಡಿಗೂ ನೀವ ಒತ್ತಿದ್ರಿ. ನಾ ಫೇಲ್. ಅವಗ ಇನ್ನೊಂದ ಸರ್ತಿ. ಇದ್ಯಾವ ನ್ಯಾಯರಿ?”

ಹಿರಿಯ ನಿರೀಕ್ಷಕರು ಅವರ ಪರವಾಗಿಯೇ ಇದ್ದರು. “ಅವರು ಕೇಳೂದು ಬರೋಬ್ಬರಿ ಐತಿ. ನಾಳೆ ಎಲ್ಲಾರೂ ಇದನ್ನ ಕೇಳತಾರ.”

“ನಿಮಗ ನಾ ಹೇಳಿದ್ದು ಕೇಳಿತ್ತು. ಅವರಿಗೆ ಕೇಳಂಗಿರಲಿಲ್ಲ,” ಅಂದೆ.

“ಕೇಳಿತ್ರಿ, ಯಾಕ ಕೇಳಲಿಲ್ಲ? ಆದರ ಯಾವಾಗ ಹೇಳಿದ್ರಿ ನೀವು? ತಿರುವು ಮೂಗಿಗೆ ಬಂದ ಮ್ಯಾಲೆ ಬಲಕ್ಕ ಅಂದ್ರಿ. ಅದರಾಗ ನನ್ನ ತಪ್ಪ ಎಷ್ಟು, ನಿಮ್ಮ ತಪ್ಪ ಎಷ್ಟು? ಹೆಂಗ ಹಂಚತೀರಿ?”

ಚಕ್ಕಡಿ ಕಣ್ಣೆದುರಿಗೇ ಇತ್ತು, ಅದನ್ನು ನೋಡದೆ ಹೊರಳಿಸಿದ್ದು ಅವರ ತಪ್ಪೇ ಎಂದು ಹೇಳಿ, ಅವರ ಫಲಿತಾಂಶವನ್ನು ಬದಲಿಸಲಿಲ್ಲ. ಆದರೆ ಕಚೇರಿಗೆ ಮರಳುವಾಗ ಜೀಪಿನಲ್ಲಿ ಅವರ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ತಿರುವಿಗೆ ಎಷ್ಟು ಮೊದಲು ಹೇಳಬೇಕು ಎಂದು ನಾನು ಎಂದೂ ಲೆಕ್ಕ ಹಾಕಿದವಳಲ್ಲ. ಬಾಯಿಗೆ ಬಂದಾಗ ಹೇಳುತ್ತಿದ್ದೆ. ಕೆಲವರಿಗೆ ಬೇಗ, ಕೆಲವರಿಗೆ ತಡ.

ಮರುದಿನ ಮೇಲಧಿಕಾರಿಗಳ ಮುಂದೆ ವಿಷಯ ಇಟ್ಟೆ. ಅವರು ಪೂರ್ತಿ ಕೇಳಿ, “ಹೇಳೋ ರೀತಿ ನೀವು ಏನರ ಮಾಡ್ಕೊಳ್ರಿ. ಮಾರ್ಕ್ಸ್ ಹಾಕೋ ರೀತಿ ಮಾತ್ರ ಎಲ್ಲಾರಿಗೂ ಒಂದ ಇರಬೇಕು. ಬರದ ಕೊಡ್ರಿ, ಸಹಿ ಮಾಡ್ತೀನಿ,” ಅಂದರು.

ಬರೆದು ಕೊಡಲು ನನಗೇ ಏನೂ ಗೊತ್ತಿರಲಿಲ್ಲ. ರಜೆಯ ದಿನ ಕುಂದಗೋಳಕ್ಕೆ ಹೋಗಿ ಯರಗುಪ್ಪಿಯವನಿಗೆ ಕಾರು ಕಲಿಸಿದ ಡ್ರೈವಿಂಗ್ ಸ್ಕೂಲಿನವರನ್ನು ಕಂಡೆ. ವಯಸ್ಸಾದ ಮನುಷ್ಯ, ಊರಿನವರೆಲ್ಲ ಕಾಕಾ ಎಂದೇ ಕರೆಯುತ್ತಾರೆ. ಶಿಬಿರದ ದಿನ ಮೈದಾನದಲ್ಲಿ ಅವರೂ ಇದ್ದರು. ಮಾತು ಕೇಳದವನಿಗೆ ಹೇಗೆ ಕಲಿಸಿದಿರಿ ಎಂದು ಕೇಳಿದೆ.

“ಕೈಲೇ ಹೇಳತಿದ್ದೆರಿ. ಇತ್ತಾಗ ಅಂದ್ರ ಹಿಂಗ, ಅತ್ತಾಗ ಅಂದ್ರ ಹಿಂಗ. ಸಾವಕಾಶ ಅಂದ್ರ ಹಿಂಗ.” ಅಂಗೈಯನ್ನು ಕೆಳಮುಖವಾಗಿ ಮೆಲ್ಲಗೆ ಒತ್ತಿ ತೋರಿಸಿದರು.

“ಮತ್ತ ಅವತ್ತ ಪರೀಕ್ಷಾದಾಗ ಯಾಕ ಹೇಳಲಿಲ್ಲ ಕಾಕಾ?”

“ಪರೀಕ್ಷಾ ನಿಮ್ದು. ಹಿಂಗ ಮಾಡ್ರಿ ಅಂತ ನಾ ಹೆಂಗ ಹೇಳಲ್ರಿ?”

ಆ ರಜೆಯ ಮಧ್ಯಾಹ್ನವೇ ನಾನು ಕಿವಿಗೆ ಹತ್ತಿ ತುರುಕಿ, ಮೇಲೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿ ಸ್ಟೇರಿಂಗ್ ಹಿಡಿದೆ. ಕಾಕಾ ಎಡಗಡೆ ಕೂತರು. ಯರಗುಪ್ಪಿಯ ಕಡೆಗಿನ ರಸ್ತೆಯಲ್ಲಿ ಹೋಗಿ ಬಂದೆವು. ಪೂರ್ತಿ ಕಿವುಡಾದಂತೆ ಆಗಲಿಲ್ಲ, ಕೇಳದವರ ಬದುಕು ಒಂದು ಮಧ್ಯಾಹ್ನದಲ್ಲಿ ತಿಳಿಯುವುದೂ ಅಲ್ಲ. ಆದರೆ ಸನ್ನೆ ಎಲ್ಲಿದ್ದರೆ ಕಾಣುತ್ತದೆ ಎಂಬುದು ತಿಳಿಯಿತು. ಕಾಕಾ ಎದೆಯ ಮಟ್ಟದಲ್ಲಿ ಕೈ ಆಡಿಸಿದಾಗ ನಾನು ಪ್ರತಿ ಸಲವೂ ಕತ್ತು ಹೊರಳಿಸುತ್ತಿದ್ದೆ. ಅದೇ ಕೈಯನ್ನು ಮುಂದಿನ ಗಾಜಿನ ಕೆಳಗಂಚಿಗೆ, ಡ್ಯಾಶ್‌ಬೋರ್ಡಿನ ಮೇಲೆ ಚಾಚಿ ಇಟ್ಟಾಗ ರಸ್ತೆ ನೋಡುತ್ತಿದ್ದ ಕಣ್ಣಿಗೇ ಅದೂ ಕಾಣಿಸಿತು. ತಿರುವಿನ ಹತ್ತಿರ ಬಂದು ತೋರಿಸಿದರೆ ಉಪಯೋಗವಿಲ್ಲ. ಎರಡು ಕರೆಂಟ್ ಕಂಬಗಳಷ್ಟು ಮೊದಲೇ ತೋರಿಸಬೇಕು. ಆಗ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಗೇರ್ ಇಳಿಸಿ ಹೊರಳಲು ಸಮಯ ಸಿಗುತ್ತದೆ. ಅಭ್ಯಾಸಬಲದಿಂದ ಕಾಕಾ ನಡುನಡುವೆ ಬಾಯಿಂದಲೂ ಕೂಗುತ್ತಿದ್ದರು. ನನಗೆ ಅವರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು.

ಅವರ ಸನ್ನೆಗಳಲ್ಲಿ ‘ಸಾವಕಾಶ’ ಅನ್ನುವುದನ್ನು ನಾನು ತೆಗೆದುಹಾಕಿದೆ. ಎಲ್ಲಿ ವೇಗ ಕಡಿಮೆ ಮಾಡಬೇಕು ಎಂಬುದು ಓಡಿಸುವವನ ತೀರ್ಮಾನ. ನಾನು ಅದನ್ನು ತೋರಿಸಿಕೊಟ್ಟರೆ ಪಾಠವಾಗುತ್ತದೆ, ಪರೀಕ್ಷೆಯಾಗುವುದಿಲ್ಲ. ಉಳಿದದ್ದು ಮೂರು ಸನ್ನೆ: ಎಡ, ಬಲ, ಮತ್ತು ಬಿಗಿಹಿಡಿದ ಮುಷ್ಟಿ ಎಂದರೆ ನಿಲ್ಲಿಸು. ಅಷ್ಟನ್ನು ಬರೆದು ಸಹಿ ಮಾಡಿಸಿಕೊಂಡೆ. ಎರಡು ಕಂಬದ ನಿಯಮವನ್ನು ಅವನೊಬ್ಬನಿಗೆ ಇಡಲಿಲ್ಲ, ಎಲ್ಲ ಅಭ್ಯರ್ಥಿಗಳಿಗೂ ಅದೇ ಎಂದು ಬರೆದೆ.

ಮುಂದಿನ ಶಿಬಿರದಲ್ಲಿ ಪರೀಕ್ಷೆ ಶುರುವಾಗುವ ಮೊದಲು ಎಲ್ಲರನ್ನೂ ಬೇವಿನ ಮರದ ಕೆಳಗೆ ನಿಲ್ಲಿಸಿ ದಾರಿ ಹೇಳಿದೆ. ಎಲ್ಲಿ ಹೊರಳಬೇಕು, ಎಲ್ಲಿಂದ ಮರಳಬೇಕು, ನಾನು ಎಷ್ಟು ಮೊದಲು ಹೇಳುತ್ತೇನೆ ಎಂದೆಲ್ಲ. ಅವನಿಗೆ ಅದನ್ನೇ ಬರೆದು ಕೊಟ್ಟೆ. ಧಾರವಾಡದ ಕಿವುಡ ಮಕ್ಕಳ ಶಾಲೆಯಲ್ಲಿ ಕೆಲವು ವರ್ಷ ಓದಿದವನು. ಕನ್ನಡ ಚೆನ್ನಾಗಿ ಬರುತ್ತಿತ್ತು. ಓದಿ, ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ: ‘ಮುಷ್ಟಿ ಅಂದರೆ ಇದ್ದಲ್ಲೇ ನಿಲ್ಲಬೇಕೋ, ಜಾಗ ನೋಡಿ ನಿಲ್ಲಬೇಕೋ?’ ಜಾಗ ನೋಡಿ ಎಂದು ಬರೆದು ತೋರಿಸಿದೆ. ತಲೆಯಾಡಿಸಿದ.

ಬದಲಾವಣೆಯ ಮೊದಲ ಲಾಭ ಸಿಕ್ಕಿದ್ದು ಗೊಬ್ಬರದ ಅಂಗಡಿಯವರಿಗೆ. ಅವರು ಈ ಸಲ ಎಲ್ಲೂ ಗಡಿಬಿಡಿ ಮಾಡದೆ ಓಡಿಸಿ ಪಾಸಾದರು. ಕೆಳಗಿಳಿದು, “ಈಗ ಬರೋಬ್ಬರಿ ಆತು ನೋಡ್ರಿ,” ಅಂದರು. ಅದು ಅವರ ಪರೀಕ್ಷೆಯ ಬಗ್ಗೆಯೋ ನನ್ನ ಬಗ್ಗೆಯೋ ನಾನು ಕೇಳಲಿಲ್ಲ.

ನಂತರ ಅವನ ಸರದಿ. ಹೆಂಡತಿ ಮೈದಾನದಲ್ಲೇ ಉಳಿದಳು. ನನ್ನ ಕೈ ಡ್ಯಾಶ್‌ಬೋರ್ಡಿನ ಮೇಲೆ ಚಾಚಿದಾಗಲೆಲ್ಲ ಅವನು ಕತ್ತು ಅಲುಗಿಸದೆ ಅರ್ಥಮಾಡಿಕೊಂಡ. ಎಡಕ್ಕೆ ಚೆನ್ನಾಗಿ ಹೊರಳಿದ, ಬಲಕ್ಕೂ ಹೊರಳಿದ. ಮುಷ್ಟಿ ಹಿಡಿದಾಗ ಸೇತುವೆ ದಾಟಿ, ಅಗಲವಾದ ಜಾಗ ನೋಡಿ ನಿಲ್ಲಿಸಿದ. ನನಗೆ ನಿರಾಳವಾಗಿತ್ತು. ಒಳಗೊಳಗೆ ಖುಷಿಯೂ ಆಗಿತ್ತು.

ಮರಳುವಾಗ ರಸ್ತೆಯ ಎಡಕ್ಕೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದನ್ನು ದಾಟಲು ಬಲಕ್ಕೆ ಸರಿಯಬೇಕು. ಅವನು ಇಂಡಿಕೇಟರ್ ಹಾಕಿದ, ಸರಿದ. ಕನ್ನಡಿ ನೋಡಲಿಲ್ಲ. ಅಷ್ಟರಲ್ಲೇ ಹಿಂದಿನಿಂದ ಪ್ರಯಾಣಿಕರನ್ನು ತುಂಬಿಕೊಂಡ ಟಂಟಂ ಆಟೋ ಒಂದು ನಮ್ಮನ್ನು ದಾಟಲು ಬಂದಿತ್ತು. ಹಾರ್ನ್ ಮೇಲೆ ಹಾರ್ನ್ ಹೊಡೆಯಿತು. ನನ್ನ ಕಾಲು ಬ್ರೇಕಿನ ಮೇಲೆ ಬರುವುದಕ್ಕೂ, ಟಂಟಂನವನು ತಾನೇ ಬ್ರೇಕ್ ಹಾಕಿ ಬಲಗಡೆಯ ಎರೆಮಣ್ಣಿಗೆ ಇಳಿಯುವುದಕ್ಕೂ ಸರಿಹೋಯಿತು. ಯಾರಿಗೂ ಏನೂ ಆಗಲಿಲ್ಲ. ಟಂಟಂನವನು ತಲೆ ಹೊರಹಾಕಿ ಕೂಗಿದ.

“ಏ, ಅಷ್ಟ ಹಾರ್ನ್ ಹೊಡದ್ರೂ ಗೊತ್ತಾಗಂಗಿಲ್ಲೇನಲೇ? ಕಿವಿ ಕೇಳಂಗಿಲ್ಲೇನು?”

ಕಾರಿನಲ್ಲಿ ಅದು ಕೇಳಿಸಿದ್ದು ನನಗೊಬ್ಬಳಿಗೆ. ಅವನಿಗೆ ಆ ಮನುಷ್ಯನ ಮುಖ ಕಾಣಿಸಿತು, ಅಷ್ಟು ಸಾಕಾಯಿತು. ಮೈದಾನದವರೆಗೆ ತೀರ ನಿಧಾನವಾಗಿ ಓಡಿಸಿಕೊಂಡು ಬಂದ.

ಹಿಂದಿನ ವಾಹನ ಬ್ರೇಕ್ ಹಾಕಿ ರಸ್ತೆ ಬಿಟ್ಟು ಇಳಿಯುವಂತೆ ಮಾಡಿದ ಯಾರನ್ನೂ ನಾನು ಪಾಸು ಮಾಡಿದವಳಲ್ಲ. ಫೇಲು ಎಂದು ಬರೆದೆ. ಹಿರಿಯ ನಿರೀಕ್ಷಕರು ಪಕ್ಕಕ್ಕೆ ಕರೆದರು. ಹೋದ ತಿಂಗಳು ಬೇಡ ಅಂದವರು ಈಗ ಅವನ ಪರ.

“ಇಷ್ಟೆಲ್ಲಾ ಮಾಡೀರಿ. ಪಾಪ, ಕೊಟ್ಟಬಿಡ್ರಿ ಅತ್ಲಾಗ. ಏನೂ ಆಗಿಲ್ಲಲಾ?”

“ಪಾಪ ಅಂತ ಕೊಡೂದಾದ್ರ ಹೋದ ತಿಂಗಳನ ಕೊಡಬಹುದಿತ್ತಲ್ರಿ ಸರ್,” ಅಂದೆ.

ಹೆಂಡತಿ ಸುಮ್ಮನಿರಲಿಲ್ಲ. “ಹೋದ ಸಲ ಅರ್ಧಕ್ಕ ನಿಲ್ಲಿಸಿದ್ರಿ. ಈ ಸಲ ಫೇಲ್ ಮಾಡಿದ್ರಿ. ಆ ಗೊಬ್ಬರದವರು ಪಾಸ್. ಕಿವಿ ಕೇಳೋ ಮಂದಿ ಎಷ್ಟ ಜನ ಕನ್ನಡಿ ನೋಡಿ ಹೊರಳಸ್ತಾರ್ರಿ ಅಕ್ಕಾರ? ಈ ರಸ್ತೇದಾಗ ನೀವ ನಿಂತ ಎಣಿಸ್ರಿ.”

“ಭಾಳ ಕಡಿಮಿ ಮಂದಿನ ನೋಡ್ತಾರವಾ,” ಎಂದು ಒಪ್ಪಿಕೊಂಡೆ. “ಅವರು ಮರತ್ರ ಹಿಂದಿನವನ ಹಾರ್ನ್ ಉಳಸತೈತಿ. ಇವರಿಗೆ ಕನ್ನಡಿ ಬಿಟ್ರ ಬ್ಯಾರೆ ಏನೂ ಇಲ್ಲ.”

“ಅಂದ್ರ ನಮಗ ಒಂದ ಕಾನೂನು ಹೆಚ್ಚಿಗಿ?”

“ಕಾನೂನು ಎಲ್ಲಾರಿಗೂ ಅದ ಐತಿ. ತಪ್ಪಿದ್ರ ನಿಮಗ ಪೆಟ್ಟು ಹೆಚ್ಚಿಗಿ.”

ಅವಳಿಗೆ ಸಮಾಧಾನವಾಗಲಿಲ್ಲ. ಆಗಬೇಕೆಂದೂ ನಾನು ಬಯಸಲಿಲ್ಲ. ಅವಳ ಪ್ರಶ್ನೆ ಸುಳ್ಳೇನಲ್ಲ. ಗಂಡ ಮಾತ್ರ ನನ್ನೆದುರು ಬಂದು, ಏನಾಯಿತು ಎಂದು ಕೈಯಲ್ಲಿ ಕೇಳಿದ. ನಾನು ಕೋಲಿನಿಂದ ನೆಲದ ಮೇಲೆ ರಸ್ತೆ ಬರೆದು, ಟ್ರ್ಯಾಕ್ಟರ್, ಕಾರು, ಟಂಟಂ ಮೂರಕ್ಕೂ ಕಲ್ಲಿಟ್ಟೆ. ಇಂಡಿಕೇಟರ್, ಆಮೇಲೆ ಸ್ಟೇರಿಂಗ್, ಕನ್ನಡಿ ಇಲ್ಲ ಎಂದು ತೋರಿಸಿದೆ. ನೋಡಿದ್ದೆ ಎಂಬಂತೆ ಅವನು ಮೊದಲು ಕಣ್ಣು ಮುಟ್ಟಿಕೊಂಡ. ನಾನು ಟಂಟಂನ ಕಲ್ಲನ್ನು ಹಿಂದಿನಿಂದ ಮೆಲ್ಲಗೆ ತಂದು ತೋರಿಸಿದೆ: ನೋಡಿದ್ದರೆ ಇದು ಇಲ್ಲಿ ಕಾಣಬೇಕಾಗಿತ್ತು. ಅವನು ಕುಕ್ಕರಗಾಲಲ್ಲಿ ಕೂತು ಆ ಕಲ್ಲನ್ನು ತಾನೇ ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ತಂದು ನೋಡಿದ. ಆಮೇಲೆ ಎದ್ದು ಹೆಂಡತಿಯ ಕೈ ಹಿಡಿದು, ಹೋಗೋಣ ಎಂದು ಸನ್ನೆ ಮಾಡಿದ.

ಮೂರನೆಯ ಸಲದ ಪರೀಕ್ಷೆಯನ್ನು ನಾನು ನಡೆಸಲಿಲ್ಲ. ಅವನು ಪಾಸಾಗಬೇಕೆಂಬ ಆಸೆ ನನ್ನಲ್ಲಿ ಬೆಳೆದುಬಿಟ್ಟಿತ್ತು. ಆಸೆ ಇಟ್ಟುಕೊಂಡವರು ಎಡಗಡೆಯ ಸೀಟಿನಲ್ಲಿ ಕೂರಬಾರದು. ಹಿರಿಯ ನಿರೀಕ್ಷಕರನ್ನು ಕೇಳಿಕೊಂಡೆ. ಅವರು ಮೊದಲು ಹಿಂಜರಿದರು. ನಿಂತ ಕಾರಿನಲ್ಲೇ ಕೂರಿಸಿ ಮೂರು ಸನ್ನೆ ಕಲಿಸಿದೆ. “ಈ ವಯಸ್ಸಿನಾಗ ನನಗ ಮೂಕನಾಟ ಕಲಸತೀರಿ,” ಎಂದು ಗೊಣಗಿದರೂ ಕಲಿತರು.

ಅವರು ಹೊರಟ ಮೇಲೆ ನಾನು ಬೈಕಿನವರನ್ನು ನೋಡಿಕೊಳ್ಳುತ್ತ ಮೈದಾನದಲ್ಲಿ ಉಳಿದೆ. ಹೆಂಡತಿ ಗೇಟಿನ ಹತ್ತಿರ ನಿಂತಿದ್ದಳು. ನನ್ನ ಕಡೆ ಬೆನ್ನು ಮಾಡಿ ರಸ್ತೆ ನೋಡುತ್ತಿದ್ದಳು. ಕಾರು ಎಂದಿಗಿಂತ ತಡವಾಗಿ ಬಂತು. ಹಿರಿಯರು ಸಾಮಾನ್ಯಕ್ಕಿಂತ ದೂರ ಕರೆದೊಯ್ದಿದ್ದರು. ಅವರು ಕೆಳಗಿಳಿದು, ಹಾಳೆಯನ್ನು ಬಾನೆಟ್ಟಿನ ಮೇಲಿಟ್ಟುಕೊಂಡು ಅಂಕ ತುಂಬಿ ನನ್ನತ್ತ ನೋಡಿದರು.

“ಸಂತಿ ದಾರ್ಯಾಗ ಹಿಂದ ಲಾರಿಯವ ಹಾರ್ನ್ ಹೊಡದನ್ರಿ. ನಾ ಬೆಚ್ಚಿಬಿದ್ದೆ. ನೋಡತೇನಿ, ಇವ ಅದಕ್ಕಿಂತ ಮೊದಲ ಬಾಜೂಕ ಸರದಾನ. ಕನ್ನಡ್ಯಾಗ ನೋಡೇ ಸರದಾನ.” ಹೆಂಡತಿಯತ್ತ ತಿರುಗಿ, “ಪಾಸ್ ಆಗ್ಯಾನವಾ,” ಅಂದರು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನಿಗೆ ಹೇಳಲು ಹೋದರೆ ಅವನ ಗಮನ ಅವಳ ಕಡೆ ಇರಲಿಲ್ಲ. ಬಾನೆಟ್ಟಿನ ಮೇಲಿನ ಹಾಳೆಯನ್ನು ಬಗ್ಗಿ ನೋಡುತ್ತಿದ್ದ. ಪಾಸಾಗಿದೆ ಎಂದು ಗೊತ್ತಾದ ಮೇಲೂ ಅಲ್ಲೇ ನಿಂತು, ಗೇರಿನ ಸಾಲಿನಲ್ಲಿ ಕಳೆದಿದ್ದ ಅಂಕದ ಮೇಲೆ ಬೆರಳಿಟ್ಟು, ಇದು ಯಾಕೆ ಎಂದು ಹಿರಿಯರನ್ನು ಕೇಳಿದ.

ಹಿರಿಯರು ಕೈಯಲ್ಲಿ ವಿವರಿಸಲು ನೋಡಿದರು: ನೇರ ರಸ್ತೆ, ಅಲ್ಲಿ ನೀನು ಸುಮ್ಮನೆ ಗೇರ್ ಇಳಿಸಿದೆ. ಅವನು ತಲೆ ಅಡ್ಡಡ್ಡ ಆಡಿಸಿದ. ಫೋನು ತೆಗೆದು ಟೈಪ್ ಮಾಡಿ ತೋರಿಸಿದ: ‘ಅಲ್ಲಿ ಗುಂಡಿ ಇತ್ತು. ನಿಮ್ಮ ಕಡೆಯಿಂದ ಕಾಣಿಸಿಲ್ಲ.’

“ಲೈಸೆನ್ಸ್ ಸಿಕ್ತಲ್ಲೋ ಮಾರಾಯಾ, ಇನ್ನೇನ ಬೇಕು?” ಹಿರಿಯರು ಬಾಯಿಂದಲೇ ಕೇಳಿದರು. ಅವರ ತುಟಿ ನೋಡಿಯೋ, ಮುಖ ನೋಡಿಯೋ, ಅವನಿಗೆ ಅರ್ಥವಾಯಿತು. ಬೆರಳನ್ನು ಮಾತ್ರ ತೆಗೆಯಲಿಲ್ಲ.

ಹೆಂಡತಿಗೆ ಗಾಬರಿ. “ಸಾಕ ಬರ್ರಿ, ಸಾಹೇಬರಿಗೆ ಸಿಟ್ಟ ಬಂದೀತು,” ಎಂದು ಅವನ ತೋಳು ಎಳೆದಳು.

ಹಿರಿಯರು ನನ್ನ ಕಡೆ ನೋಡಿದರು. ನಾನು ಕಾರಿನಲ್ಲಿರಲಿಲ್ಲ. ಅವರು ಮತ್ತೆ ಕಾರು ಹತ್ತಿದರು. ಈ ಸಲ ಸ್ಟೇರಿಂಗಿನ ಕಡೆ. ಅವನನ್ನು ಎಡಕ್ಕೆ ಕೂರಿಸಿಕೊಂಡು ಹೊರಟೇಬಿಟ್ಟರು. ಸಾಲಿನಲ್ಲಿದ್ದವರು ಗೊಣಗಿದರು. ಸ್ವಲ್ಪ ಹೊತ್ತಿಗೆ ಮರಳಿ ಬಂದು, ಹಾಳೆ ತೆಗೆದುಕೊಂಡು ಕಳೆದಿದ್ದ ಅಂಕವನ್ನು ಹೊಡೆದುಹಾಕಿ, ಪೂರ್ತಿ ಅಂಕ ಬರೆದು, ಪಕ್ಕದಲ್ಲಿ ಮತ್ತೊಮ್ಮೆ ಸಹಿ ಮಾಡಿದರು.

“ಖರೇನ ಗುಂಡಿ ಐತಿ,” ಎಂದರು.